ಈಸ್ಟರ್ ಕಾರ್ಡಿನ ಮೇಲೆ ಯಾರ ಫೋಟೊ? ಚೌಬಾರದ ಹತ್ತಿರದ ಒಂದು ಪ್ರಿಂಟಿಂಗ್ ಪ್ರೆಸ್ ಬಗ್ಗೆ

ಬೀದರಿನ ಹಳೇ ಊರಲ್ಲಿ ಚೌಬಾರದಿಂದ ಗವಾನ್ ಮದರಸಾ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಗಲ್ಲಿ ಇದೆ. ಆ ಗಲ್ಲಿಯಲ್ಲಿ ಎರಡು ಬಾಗಿಲಿನ ಪ್ರಿಂಟಿಂಗ್ ಪ್ರೆಸ್ ಇದೆ. ಬೋರ್ಡಿನ ಬಣ್ಣ ಮಾಸಿ ಹೋಗಿದೆ, ಹೆಸರು ಸರಿಯಾಗಿ ಕಾಣುವುದಿಲ್ಲ. ಸುತ್ತಮುತ್ತ ಯಾರನ್ನು ಕೇಳಿದರೂ "ಕಾಕಾನ ಪ್ರೆಸ್" ಅಂತ ಕೈ ತೋರಿಸುತ್ತಾರೆ. ಮೂರು ವರ್ಷದಿಂದ ನಮ್ಮ ಚರ್ಚಿನ ಅಚ್ಚಿನ ಕೆಲಸವೆಲ್ಲ ಅಲ್ಲೇ ಮಾಡಿಸುತ್ತಿದ್ದೇನೆ. ಚುನಾವಣೆ ಹತ್ತಿರ ಬಂದಾಗೆಲ್ಲ "ನಿಮ್ಮ ಕಾರ್ಡ್ ಎಲ್ಲಿ ಮಾಡಿಸಿದಿರಿ, ಹೇಗೆ ಮಾಡಿಸಿದಿರಿ" ಅಂತ ಬೇರೆ ಚರ್ಚಿನವರು ಕೇಳುತ್ತಾರೆ. ಅದಕ್ಕೇ ಒಮ್ಮೆ ಪೂರ್ತಿ ಬರೆದುಬಿಡೋಣ ಅನಿಸಿತು.

ನಾನು ನಿವೃತ್ತ ಹೈಸ್ಕೂಲ್ ಟೀಚರ್. ಇತಿಹಾಸ ಕಲಿಸುತ್ತಿದ್ದೆ. ಬೀದರ್ ತಾಲೂಕಿನ ಒಂದು ಹಳ್ಳಿಯ ಚರ್ಚಿನಲ್ಲಿ ಕಮಿಟಿ ಕಾರ್ಯದರ್ಶಿ. ಸರ್ವಿಸಿನಲ್ಲಿದ್ದಾಗ ನಾಲ್ಕು ಸಲ ಮತಗಟ್ಟೆ ಡ್ಯೂಟಿ ಮಾಡಿದ್ದೇನೆ. ಹಾಗಾಗಿ ಅಚ್ಚಿನ ವಿಷಯವೂ ಚುನಾವಣೆ ವಿಷಯವೂ ಇಲ್ಲಿ ಕೂಡಿಕೊಂಡೇ ಬರುತ್ತವೆ.

ಮೊದಲ ಸಲ ಹೋಗಿದ್ದು 2023ರ ಏಪ್ರಿಲ್ 1, ಶನಿವಾರ. ಆ ವರ್ಷ ಶುಭ ಶುಕ್ರವಾರ ಏಪ್ರಿಲ್ 7ಕ್ಕೆ, ಈಸ್ಟರ್ 9ಕ್ಕೆ ಇತ್ತು. ವಿಧಾನಸಭೆ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 29ಕ್ಕೇ ಜಾರಿಯಾಗಿತ್ತು. ಮತದಾನ ಮೇ 10ಕ್ಕೆ. ನಮಗೆ ಬೇಕಾಗಿದ್ದು ಮೂರು ಐಟಂ: ಈಸ್ಟರ್ ಆಮಂತ್ರಣ ಕಾರ್ಡ್ 500, ಶುಭ ಶುಕ್ರವಾರದ ಆರಾಧನೆಗೆ 12 ಪುಟದ ಪುಸ್ತಿಕೆ 300, ಗೇಟಿಗೆ ಕಟ್ಟಲು ಒಂದು ಬ್ಯಾನರ್.

ಒಳಗೆ ಕಾಲಿಟ್ಟರೆ ಶಾಯಿ, ಸೀಮೆಎಣ್ಣೆ ವಾಸನೆ. ಒಂದು ಮೂಲೆಯಲ್ಲಿ ಮಾಲೀಕ ಕಾಕಾನ ತಂದೆ ಕಾಲದ, ಕಾಲಲ್ಲಿ ತುಳಿದು ಓಡಿಸುವ ಟ್ರೆಡಲ್ ಮಷಿನ್ ಇನ್ನೂ ಇದೆ. ಈಗ ಅದರಲ್ಲಿ ರಶೀದಿ ಪುಸ್ತಕಗಳಿಗೆ ನಂಬರ್ ಒತ್ತುತ್ತಾರೆ ಅಷ್ಟೇ. ಪಕ್ಕದಲ್ಲಿ ಹಳೇ ಅಚ್ಚಿನ ಮೊಳೆಗಳ (ಬಿಡಿ ಅಕ್ಷರಗಳ) ಮರದ ಕೇಸು. ಕೆಲಸ ನಡೆಯುವುದು ಆಫ್‌ಸೆಟ್ ಮಷಿನಿನಲ್ಲಿ. ಒಬ್ಬ ಹುಡುಗ ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಲು, ಕೂತಿರುತ್ತಾನೆ. ಕಟಿಂಗ್ ಟೇಬಲ್ ಮೇಲೆ ಆ ದಿನ ಎಷ್ಟು ತರದ ಕಾಗದ ಇತ್ತು ಅಂದ್ರೆ, ಇಡೀ ಜಿಲ್ಲೆಯೇ ಒಂದು ಮೇಜಿನ ಮೇಲೆ ಬಂದು ಕೂತಂತಿತ್ತು. ಅಂಬೇಡ್ಕರ್ ಜಯಂತಿ ಕರಪತ್ರ, ಇಫ್ತಾರ್ ಕಾರ್ಡ್, ಬಸವ ಜಯಂತಿ ಮೆರವಣಿಗೆಯ ಪೋಸ್ಟರ್, ಯಾವುದೋ ಹಳ್ಳಿಯ ಜಾತ್ರೆ ಪತ್ರಿಕೆ. ಎಲ್ಲದರ ಮೇಲೂ ಕಾಕಾನ ಪೆನ್ಸಿಲ್ ಗುರುತು.

ನಮ್ಮ ಕಮಿಟಿಯ ಹಿರಿಯರೊಬ್ಬರು ಹಿಂದಿನ ರಾತ್ರಿ ನನ್ನ ಮೊಬೈಲಿಗೆ ಒಂದು ಫೋಟೊ ಕಳಿಸಿದ್ದರು. ಕೈ ಮುಗಿದು ನಿಂತ ಒಬ್ಬ ಅಭ್ಯರ್ಥಿಯ ಫೋಟೊ. ಅವರು ಈಸ್ಟರ್ ದಿನ ಶಾಮಿಯಾನ, ಸೌಂಡ್ ಸಿಸ್ಟಂ, ಮಧ್ಯಾಹ್ನದ ಊಟದ ಖರ್ಚು ನೋಡಿಕೊಳ್ಳುತ್ತಾರಂತೆ. ಬದಲಿಗೆ ಕಾರ್ಡಿನ ಮೇಲೆ, ಸಭಾಪಾಲಕರ ಹೆಸರಿಗಿಂತ ಮೇಲೆ, ಅವರ ಫೋಟೊ ಇರಬೇಕು. ಕೆಳಗೆ "ನಿಮ್ಮ ಸೇವಕ" ಅಂತ. ನನಗೆ ಮನಸ್ಸಿರಲಿಲ್ಲ. ಆದರೆ ಕಮಿಟಿ ಹೇಳಿದೆ ಅಂತ ಫೋಟೊವನ್ನು ಡಿಟಿಪಿ ಹುಡುಗನಿಗೆ ಕೊಟ್ಟೆ. ಅವನು ಅದನ್ನು ಶಿಲುಬೆಯ ಚಿತ್ರದ ಬಲಕ್ಕೆ ಕೂರಿಸಿ ಪ್ರಿಂಟ್ ತೆಗೆದ.

ಕಾಕಾ ಕನ್ನಡಕ ಹಣೆಗೇರಿಸಿ ಹಾಳೆಯನ್ನು ಬೆಳಕಿಗೆ ಹಿಡಿದರು. ಮೊದಲು ಅವರು ನೋಡಿದ್ದು ಫೋಟೊ ಅಲ್ಲ, ಅಕ್ಷರ. "ಪುನರುತ್ಥಾನ" ಅನ್ನುವ ಕಡೆ ಹುಡುಗ "ಪುನರುತ್ತಾನ" ಅಂತ ಹೊಡೆದಿದ್ದ. ಪೆನ್ಸಿಲಿನಿಂದ ಸುತ್ತು ಹಾಕಿ "ಥ ಒತ್ತು ಬರಬೇಕಪ್ಪ" ಅಂದರು. ಆಮೇಲೆ ಪೆನ್ಸಿಲ್ ಮೇಲೆ ಹೋಯಿತು. ಅಭ್ಯರ್ಥಿಯ ಮುಖದ ಹತ್ತಿರ ನಿಂತಿತು.

"ಅಕ್ಕೋರೆ, ಈ ಫೋಟೊ ಹಾಕಿದ್ರ ಇದು ಈಸ್ಟರ್ ಕಾರ್ಡ್ ಆಗಂಗಿಲ್ರಿ. ಚುನಾವಣಿ ಕರಪತ್ರ ಆಗ್ತದ."

ಡ್ರಾಯರ್ ಎಳೆದು ಒಂದು ಫಾರಂ ತೆಗೆದು ನನ್ನ ಮುಂದಿಟ್ಟರು. ಪ್ರಜಾಪ್ರತಿನಿಧಿ ಕಾಯ್ದೆ 1951ರ ಸೆಕ್ಷನ್ 127ಎ ಪ್ರಕಾರ ತುಂಬಿಸುವ ಡಿಕ್ಲರೇಷನ್ ಅದು. ಚುನಾವಣೆ ಪ್ರಚಾರದ ಯಾವ ಕಾಗದ ಅಚ್ಚು ಮಾಡಿದರೂ ಅದರ ಮೇಲೆ ಮುದ್ರಕ, ಪ್ರಕಾಶಕ ಇಬ್ಬರ ಹೆಸರು, ವಿಳಾಸ ಇರಬೇಕು. ಮಾಡಿಸುವವರು ಸಹಿ ಮಾಡಬೇಕು. ಅವರನ್ನು ಖುದ್ದಾಗಿ ಬಲ್ಲ ಇಬ್ಬರು ಸಾಕ್ಷಿ ಹಾಕಬೇಕು. ಡಿಕ್ಲರೇಷನ್ನಿನ ಒಂದು ಪ್ರತಿ ಮತ್ತು ಅಚ್ಚಾದ ಕಾಗದದ ಒಂದು ಪ್ರತಿಯನ್ನು ಪ್ರೆಸ್ಸಿನವರು ಜಿಲ್ಲಾಧಿಕಾರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತಗಟ್ಟೆಯಲ್ಲಿ ಕೂತು ಬಂದವಳಾದರೂ ಈ ಸೆಕ್ಷನ್ ನನಗೆ ಸರಿಯಾಗಿ ಗೊತ್ತಿರಲಿಲ್ಲ.

"ಇಲ್ಲಿ ಪ್ರಕಾಶಕರು ಅಂತ ಯಾರ ಹೆಸರು ಬರೀಲಿ?" ಅಂತ ಕೇಳಿದರು ಕಾಕಾ. "ನಿಮ್ದಾ? ಪಾಸ್ಟರದ್ದಾ? ಚರ್ಚಿಂದಾ?"

ಅವರು ನನ್ನನ್ನು ಹೆದರಿಸಲು ಕೇಳಿದ್ದಲ್ಲ. ಪೆನ್ನಿನ ಮುಚ್ಚಳ ತೆಗೆದು ನಿಜವಾಗಿ ಬರೆಯಲು ಕಾಯುತ್ತಿದ್ದರು. ಆ ಖಾಲಿ ಗೆರೆಯನ್ನು ನೋಡುತ್ತಾ ನನ್ನ ಕೈ ತಣ್ಣಗಾಯಿತು. ಫಾರಂ ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಬಂದೆ.

ಮರುದಿನ ಗರಿಗಳ ಭಾನುವಾರ, ಅಂದರೆ ಈಸ್ಟರಿಗೆ ಹಿಂದಿನ ಭಾನುವಾರ. ಆರಾಧನೆ ಮುಗಿದ ಮೇಲೆ ಕಮಿಟಿ ಕೂತಿತು. ನಾನು ಭಾಷಣ ಮಾಡಲಿಲ್ಲ. ಫಾರಂ ತೆಗೆದು ಮೇಜಿನ ಮೇಲಿಟ್ಟು ಪೆನ್ ಪಕ್ಕದಲ್ಲಿಟ್ಟೆ. "ಪ್ರಕಾಶಕರ ಸಹಿ ಒಂದು, ಸಾಕ್ಷಿ ಸಹಿ ಎರಡು ಬೇಕು" ಅಂದೆ. ಫಾರಂ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಏಳು ಜನರನ್ನು ದಾಟಿ ಮತ್ತೆ ನನ್ನ ಹತ್ತಿರ ಬಂತು. ಯಾರೂ ಸಹಿ ಮಾಡಲಿಲ್ಲ. ಫೋಟೊ ಕಳಿಸಿದ ಹಿರಿಯರು ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಹಂಗಾದ್ರ ಶಾಮಿಯಾನದ ರೊಕ್ಕ ಎಲ್ಲಿಂದ ತರ್ತೀರಿ?" ಅಂದರು. ಅದು ನ್ಯಾಯವಾದ ಪ್ರಶ್ನೆಯೇ. ನಮ್ಮ ಚರ್ಚಿನ ಒಂದು ಭಾನುವಾರದ ಕಾಣಿಕೆ ನೋಡಿದವರಿಗೆ ಆ ಪ್ರಶ್ನೆಯ ಭಾರ ಗೊತ್ತು. ಹೆಚ್ಚಿನವರು ಕೂಲಿಯವರು, ಕೆಲವರು ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗುವವರು.

ಕೊನೆಗೆ ಹೀಗಾಯಿತು: ಬೆಳಗಿನ ಜಾವ 5 ಗಂಟೆಯ ಪ್ರಾರ್ಥನೆ ಹೇಗೂ ಬಯಲಲ್ಲೇ, ಅದಕ್ಕೆ ಶಾಮಿಯಾನ ಬೇಡ. ಊಟ ಚರ್ಚಿನ ಹಿಂದಿನ ಬೇವಿನ ಮರಗಳ ಕೆಳಗೆ. ಅನ್ನ, ಸಾರು ಮಾತ್ರ. ಅಕ್ಕಿಯನ್ನು ಮನೆಮನೆಯಿಂದ ತಂದರು. ಫೋಟೊ ಇಲ್ಲದ ಕಾರ್ಡ್ ಅಚ್ಚಾಯಿತು.

ಈ ಪ್ರೆಸ್ಸನ್ನು ನಾನು ಹೊಗಳುವುದು ಮೊದಲಿಗೆ ಇದಕ್ಕೆ. ಕಾಕಾ ಆ ದಿನ ಸುಮ್ನೆ ಅಚ್ಚು ಹಾಕಿ ದುಡ್ಡು ತಗೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಂಥ ಕಾರ್ಡು ಎಷ್ಟೋ ಕಡೆ ಅಚ್ಚಾಗುತ್ತವೆ. ನೀತಿ ಸಂಹಿತೆಯಲ್ಲಿ ಮಸೀದಿ, ಚರ್ಚ್, ಗುಡಿ ಅಥವಾ ಬೇರೆ ಯಾವ ಪ್ರಾರ್ಥನಾ ಸ್ಥಳವನ್ನೂ ಚುನಾವಣೆ ಪ್ರಚಾರಕ್ಕೆ ಬಳಸಬಾರದು ಅಂತ ಸ್ಪಷ್ಟವಾಗಿದೆ. 1988ರಲ್ಲಿ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆಯಲು ಬೇರೆ ಕಾನೂನೇ ಬಂದಿದೆ, ಅದರಲ್ಲಿ 5 ವರ್ಷದವರೆಗೆ ಶಿಕ್ಷೆ ಇದೆ. ಇಷ್ಟೆಲ್ಲ ಇದ್ದೂ ಹಬ್ಬ ಬಂದರೆ ಮೊದಲು ಬರುವುದು ಅಭ್ಯರ್ಥಿಯ ಫೋಟೊ. ನಮ್ಮ ಜನರ ಬಡತನ ನೋಡಿ, ಒಂದು ಶಾಮಿಯಾನಕ್ಕೆ ಇಡೀ ಸಭೆಯ ಓಟು ಬರುತ್ತದೆ ಅಂತ ಲೆಕ್ಕ ಹಾಕುವವರ ಮೇಲೆ ನನಗೆ ಸಿಟ್ಟಿದೆ. ಅದಕ್ಕೆ ತಲೆಯಾಡಿಸುವ ನಮ್ಮವರ ಮೇಲೆ ಇನ್ನೂ ಜಾಸ್ತಿ ಸಿಟ್ಟಿದೆ.

ಈಗ ಪುಸ್ತಿಕೆಯ ವಿಷಯ. ಇಲ್ಲಿ ಕಾಕಾ ಜೊತೆ ನನಗೆ ಒಂದು ದೊಡ್ಡ ಮಾತುಕತೆಯೇ ಆಯಿತು.

ಪುಸ್ತಿಕೆಯಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳು, ಹಾಡು, ವಾಚನ ಎಲ್ಲ ಇದ್ದವು. 12ನೇ ಪುಟದಲ್ಲಿ ನಾನು ಒಂದು ಬೇಡಿಕೆ ಬರೆದಿದ್ದೆ. ದಲಿತರಿಂದ ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿ ಮಾನ್ಯತೆ ಕೊಡಬೇಕು ಅನ್ನುವ ಬೇಡಿಕೆ. 1950ರ ರಾಷ್ಟ್ರಪತಿ ಆದೇಶ ಹಿಂದೂಗಳಲ್ಲದವರನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಧರ್ಮದ ಷರತ್ತು ತೆಗೆಯಿರಿ ಅಂತ ಹೇಳಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಿಸಿತು. ಹಳ್ಳಿಯಲ್ಲಿ ನಮ್ಮವರ ಮನೆ ಇನ್ನೂ ಅದೇ ಕೇರಿಯಲ್ಲಿದೆ. ಚರ್ಚಿಗೆ ಹೋದ ಮಾತ್ರಕ್ಕೆ ಕೇರಿ ಬದಲಾಗಲಿಲ್ಲ ಅಲ್ವಾ?

ಆ ಪುಟ ಓದಿ ಡಿಟಿಪಿ ಹುಡುಗ, "ಅಕ್ಕೋರೆ, ಇದೂ ರಾಜಕೀಯನೇ ಅಲ್ಲೇನ್ರಿ? ಫೋಟೊ ಬ್ಯಾಡ ಅಂದ್ರಿ, ಇದು ಹೆಂಗ ನಡೀತದ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ನಾನು ಉತ್ತರ ಕೊಡುವ ಮುಂಚೆ ಕಾಕಾ ಕೊಟ್ಟರು.

ಕಾಕಾ ಲಿಂಗಾಯತರು. 2017ರ ಜುಲೈನಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಮಾನ್ಯತೆಗಾಗಿ ಬೀದರಿನಲ್ಲಿ ದೊಡ್ಡ ರ್ಯಾಲಿ ಆಯಿತಲ್ಲ, ಅದಕ್ಕೆ ಇಡೀ ಮನೆಯವರನ್ನು ಕರಕೊಂಡು ಹೋಗಿದ್ದರಂತೆ. ಮುಂದೆ ನಾಗಮೋಹನ್ ದಾಸ್ ಸಮಿತಿ ವರದಿ ಬಂತು. 2018ರ ಮಾರ್ಚ್‌ನಲ್ಲಿ ರಾಜ್ಯ ಸಂಪುಟ ಮಾನ್ಯತೆ ಕೊಡಿ ಅಂತ ಕೇಂದ್ರಕ್ಕೆ ಶಿಫಾರಸು ಮಾಡಿತು. ಮೇ ತಿಂಗಳಲ್ಲಿ ಚುನಾವಣೆ.

"ಬೇಡಿಕಿ ನಮ್ದೇ ಇತ್ತು" ಅಂದರು ಕಾಕಾ. "ನಮ್ಮ ಗುರುಗಳು ಅದರ ಸಲುವಾಗಿ ಮಾತಾಡಿದ್ದೂ ತಪ್ಪಲ್ಲ. ಚುನಾವಣಿ ಬಂದ ಮ್ಯಾಲ ಆ ಪಾರ್ಟಿಯವರು ನಮ್ದು ಅಂದ್ರು, ಈ ಪಾರ್ಟಿಯವರು ಒಡೀಲಿಕತ್ಯಾರ ಅಂದ್ರು. ಬೇಡಿಕಿ ಹೋಯ್ತು, ಜಗಳ ಉಳೀತು. ಅಕ್ಕೋರ ಪುಟದಾಗ ಯಾರಿಗೆ ಓಟ್ ಹಾಕ್ರಿ ಅಂತ ಅದ ಏನು? ಇಲ್ಲ. ಸರ್ಕಾರಕ್ಕ ಕೇಳ್ಯಾರ. ಅಚ್ಚು ಹಾಕು."

ನಾನು ಹುಡುಗನಿಗೆ ಇನ್ನೊಂದು ಮಾತು ಹೇಳಿದೆ. ಬಸವಣ್ಣ ಬಿಜ್ಜಳನ ಭಂಡಾರ ನೋಡಿಕೊಂಡವರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣದ ಗದ್ದುಗೆಯೇ ಅಲುಗಾಡಿತು. ಆ ಕಲ್ಯಾಣ, ಇವತ್ತಿನ ಬಸವಕಲ್ಯಾಣ, ಇರುವುದು ನಮ್ಮ ಜಿಲ್ಲೆಯಲ್ಲೇ. ಧರ್ಮದವರು ಸಮಾಜದ ಮಾತು ಆಡಬಾರದು ಅಂತಿದ್ದರೆ ಶರಣರು ಬಾಯಿಯನ್ನೇ ತೆರೆಯಬಾರದಿತ್ತು. ಬೀದರ್ ರಾಜಧಾನಿಯಾದ ಕಥೆಯಲ್ಲೂ ಒಬ್ಬ ಸಂತರಿದ್ದಾರೆ. ಫಿರೋಜ್ ಶಾ ಬಹಮನಿ ತನ್ನ ಮಗನಿಗೆ ಆಶೀರ್ವಾದ ಕೊಡಿ ಅಂತ ಕಲಬುರಗಿಯ ಖ್ವಾಜಾ ಬಂದೇ ನವಾಜರನ್ನು ಕೇಳಿದ. ಗದ್ದುಗೆ ನಿನ್ನ ತಮ್ಮ ಅಹ್ಮದನಿಗೆ ಬರೆದಿದೆ ಅಂತ ಅವರು ಒಪ್ಪಲಿಲ್ಲ ಅನ್ನುತ್ತದೆ ಚರಿತ್ರೆ. 1422ರಲ್ಲಿ ಅಹ್ಮದ್ ಶಾ ಪಟ್ಟಕ್ಕೆ ಬಂದ, ಆಮೇಲೆ ರಾಜಧಾನಿಯನ್ನು ಬೀದರಿಗೆ ತಂದ. ಆ ಅಹ್ಮದ್ ಶಾನ ಗೋರಿ ಅಷ್ಟೂರಿನಲ್ಲಿದೆ. ಅಲ್ಲಿನ ಉರುಸಿಗೆ ಇವತ್ತಿಗೂ ಲಿಂಗಾಯತ ಜಂಗಮರು ಬರುತ್ತಾರೆ. ಅಲ್ಲಮಪ್ರಭು ಅಂತ ಅವನಿಗೆ ಕೈ ಮುಗಿಯುತ್ತಾರೆ. ಪಾಠ ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ ನನಗೆ, ಹುಡುಗ ಮೌಸ್ ಬಿಟ್ಟು ಕೇಳಿದ.

ಧರ್ಮ ಸಾರ್ವಜನಿಕ ಬದುಕಿನಲ್ಲಿ ಇರಬಾರದು ಅಂತ ನಾನು ಯಾವತ್ತೂ ಹೇಳುವುದಿಲ್ಲ. ನಾನು ಅಕ್ಷರ ಕಲಿತದ್ದೇ ಮಿಷನ್ ಶಾಲೆಯಲ್ಲಿ. ನಮ್ಮಮ್ಮ ನನ್ನನ್ನು ಹೆತ್ತದ್ದು ಮಿಷನ್ ಆಸ್ಪತ್ರೆಯಲ್ಲಿ. ಬೀದರಿನ ಗುರುದ್ವಾರ ಗುರುನಾನಕ್ ಝಿರಾದ ಲಂಗರಿನಲ್ಲಿ ಯಾವ ಜಾತಿ ಅಂತ ಕೇಳದೆ ಊಟ ಹಾಕುತ್ತಾರೆ. ಕಲಬುರಗಿಯ ಶರಣಬಸವೇಶ್ವರರ ದಾಸೋಹದಲ್ಲೂ ಅಷ್ಟೇ. ಇವೆಲ್ಲ ಸಾರ್ವಜನಿಕ ಬದುಕೇ. ಆದರೆ ಸಭಾಪಾಲಕರು ನಿಂತು ಮಾತಾಡುವ ಜಾಗವನ್ನು ಒಬ್ಬ ಅಭ್ಯರ್ಥಿಗೆ ಒಂದು ದಿನದ ಬಾಡಿಗೆಗೆ ಕೊಟ್ಟರೆ, ಮಾರನೇ ದಿನ ಅದೇ ಅಭ್ಯರ್ಥಿ ಗೆದ್ದು ತಪ್ಪು ಮಾಡಿದಾಗ ಅಲ್ಲಿ ನಿಂತು ಏನು ಹೇಳುವುದು? ಸೋತವನ ಕಡೆಯ ಮನೆಗಳೂ ನಮ್ಮ ಸಭೆಯಲ್ಲೇ ಇರುತ್ತವೆ, ಅವರ ಮುಖ ಹೇಗೆ ನೋಡುವುದು?

2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅಭಿರಾಮ್ ಸಿಂಗ್ ಪ್ರಕರಣದಲ್ಲಿ 4–3ರ ತೀರ್ಪು ಕೊಟ್ಟಿತು. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಓಟು ಕೇಳಿದರೂ ಅದು ಚುನಾವಣಾ ಭ್ರಷ್ಟಾಚಾರ ಅಂತ. ಭಿನ್ನ ತೀರ್ಪು ಕೊಟ್ಟ ಮೂವರು ನ್ಯಾಯಮೂರ್ತಿಗಳ ಆತಂಕ ಬೇರೆ ಇತ್ತು. ಜಾತಿಯಿಂದ, ಧರ್ಮದಿಂದ ಅನ್ಯಾಯವಾದವರು ಆ ಅನ್ಯಾಯದ ಮಾತು ಎತ್ತುವುದಕ್ಕೇ ಬಾಯಿ ಕಟ್ಟಿದಂತೆ ಆಗಬಾರದು ಅಂತ. ನನಗೆ ಎರಡೂ ಬೇಕು. ಫೋಟೊ ಬೇಡ, 12ನೇ ಪುಟ ಬೇಕು. ಕಾಕಾ ಕೋರ್ಟಿನ ತೀರ್ಪು ಓದಿದವರಲ್ಲ. ಆದರೂ ಪೆನ್ಸಿಲ್ ಹಿಡಿದು ಅದನ್ನೇ ಮಾಡಿದರು.

ಇನ್ನು ಕೆಲಸದ ಗುಣಮಟ್ಟ.

ಕಾರ್ಡ್ ಚೆನ್ನಾಗಿ ಬಂತು. 170 ಜಿಎಸ್‌ಎಂ ಆರ್ಟ್ ಪೇಪರ್ (ಜಿಎಸ್‌ಎಂ ಅಂದರೆ ಕಾಗದದ ತೂಕದ ಅಳತೆ), ಮಲ್ಟಿಕಲರ್, 500ಕ್ಕೆ 2,800 ರೂಪಾಯಿ ತಗೊಂಡರು. ಮಡಿಕೆಯ ಕಡೆ ಬಣ್ಣ ಸಿಪ್ಪೆ ಎದ್ದಿಲ್ಲ. ಬೆಳಗಿನ ಆಕಾಶದ ನೀಲಿ ಮಾತ್ರ ಪ್ರೂಫಿನಲ್ಲಿ ನೋಡಿದ್ದಕ್ಕಿಂತ ಗಾಢವಾಯಿತು. ಮುಂದಿನ ಸಲ ಮೊದಲ ನಾಲ್ಕು ಹಾಳೆ ಮಷಿನಿನಿಂದ ಬರುವಾಗ ನಾನೇ ನಿಂತು ನೋಡಿದೆ, ಶಾಯಿ ಕಮ್ಮಿ ಮಾಡಿಸಿದೆ, ಸರಿಯಾಯಿತು.

ಪುಸ್ತಿಕೆಯಲ್ಲಿ ಎರಡು ದೋಷ. ಕಟಿಂಗ್ ಜಾಸ್ತಿಯಾಗಿ ಸುಮಾರು 40 ಪ್ರತಿಗಳಲ್ಲಿ ಪುಟದ ನಂಬರ್ ಅರ್ಧ ಹೋಗಿತ್ತು. ಪಿನ್ ಒಂದೇ ಹೊಡೆದಿದ್ದರು, ವಯಸ್ಸಾದವರ ಕೈಯಲ್ಲಿ ಹಾಳೆ ಬಿಚ್ಚಿಕೊಂಡವು. ಹೇಳಿದ ಮೇಲೆ ಹಾಳಾದ ಪ್ರತಿಗಳಿಗೆ ಬೇರೆ ಅಚ್ಚು ಮಾಡಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. 300 ಪ್ರತಿಗೆ 4,200 ರೂಪಾಯಿ. ಕಾಗದ 70 ಜಿಎಸ್‌ಎಂ ಮ್ಯಾಪ್ಲಿಥೋ (ಹೊಳಪಿಲ್ಲದ ಅಚ್ಚಿನ ಕಾಗದ), ಹಿಂದಿನ ಪುಟದ ಅಕ್ಷರ ಕಾಣುವುದಿಲ್ಲ.

ನನ್ನ ದೊಡ್ಡ ದೂರು ಟೈಮಿನದು. ಬುಧವಾರ ಕೊಡುತ್ತೇನೆ ಅಂದವರು ಗುರುವಾರ ರಾತ್ರಿ 8ಕ್ಕೆ ಕೊಟ್ಟರು. ಅಕ್ಕಪಕ್ಕದ ಹಳ್ಳಿಗಳಿಗೆ ಕಾರ್ಡ್ ಹಂಚುವ ನಮ್ಮ ಯೋಜನೆ ಕೆಟ್ಟಿತು. ಶುಕ್ರವಾರ ಆರಾಧನೆ ಮುಗಿಸಿ ಉರಿ ಬಿಸಿಲಲ್ಲಿ ಯುವಕರು ಬೈಕಿನಲ್ಲಿ ಓಡಾಡಬೇಕಾಯಿತು. ಚುನಾವಣೆ ಟೈಮಿನಲ್ಲಿ ಪ್ರೆಸ್ಸಿಗೆ ಕೆಲಸ ಜಾಸ್ತಿ ಅನ್ನುವುದು ಸರಿ. ಆದರೆ ಹಬ್ಬದ ತಾರೀಕು ಮುಂದೆ ಹೋಗುವುದಿಲ್ಲವಲ್ಲ. ಒಂದು ದಿನ ಮುಂಚೆ ಫೋನ್ ಮಾಡಿ ಹೇಳಬಹುದಿತ್ತು. ಇದನ್ನು ಕಾಕಾಗೆ ಮುಖಕ್ಕೇ ಹೇಳಿದ್ದೇನೆ.

ಬ್ಯಾನರ್ ಬಟ್ಟೆಯದು. ಫ್ಲೆಕ್ಸ್ ಕೇಳಬೇಡಿ, ಕೊಡುವುದಿಲ್ಲ. 2016ರಲ್ಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾಗಿದೆ ಅಂತ ಗೋಡೆಗೆ ಬರೆದು ಅಂಟಿಸಿದ್ದಾರೆ. 8 ಅಡಿಗೆ 4 ಅಡಿ, 900 ರೂಪಾಯಿ. "ಕ್ರಿಸ್ತನು ಎದ್ದಿದ್ದಾನೆ" ಅಂತ ಮಾತ್ರ ಬರೆಸಿದ್ದೆವು, ವರ್ಷ ಹಾಕಿಸಲಿಲ್ಲ. ಒಗೆದು ಮಡಚಿಟ್ಟು ಇವತ್ತಿಗೂ ಅದನ್ನೇ ಕಟ್ಟುತ್ತೇವೆ.

2024ರಲ್ಲೂ ಹಾಗೇ ಆಯಿತು. ಈಸ್ಟರ್ ಮಾರ್ಚ್ 31ಕ್ಕೆ. ಲೋಕಸಭೆ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 16ಕ್ಕೆ ಬಂತು, ಬೀದರಿನಲ್ಲಿ ಮತದಾನ ಮೇ 7ಕ್ಕೆ. ಈ ಸಲ ಬೇರೆ ಪಾರ್ಟಿಯವರು ಕುರ್ಚಿ ಕೊಡಿಸುತ್ತೇವೆ ಅಂತ ಬಂದರು. ಹಿಂದಿನ ವರ್ಷ ಫೋಟೊ ಕಳಿಸಿದ್ದ ಅದೇ ಹಿರಿಯರು ಅವರನ್ನು ಗೇಟಿನ ಹತ್ತಿರವೇ ಕೂರಿಸಿ ಚಹಾ ಕೊಟ್ಟು, "ಬರ್ರಿ, ಪ್ರಾರ್ಥನಿಗೆ ಕೂಡ್ರಿ. ಕುರ್ಚಿ ಬ್ಯಾಡ್ರಿ, ನಮ್ಮಲ್ಲಿ ಎಲ್ಲರೂ ಚಾಪಿ ಮ್ಯಾಲೇ ಕೂಡ್ತಾರ" ಅಂದರಂತೆ. ನಾನು ಆ ದಿನ ಊರಲ್ಲಿರಲಿಲ್ಲ. ಪ್ರೆಸ್ಸಿಗೆ ಹೋದಾಗ ಕಾಕಾಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ, ಹುಡುಗನನ್ನು ಕಳಿಸಿ ಎರಡು ಕಪ್ ಚಹಾ ತರಿಸಿದರು.

ಹೋಗುವವರಿಗೆ ಕೆಲವು ಮಾತು. ಕಾರ್ ಗಲ್ಲಿಯೊಳಗೆ ಹೋಗುವುದಿಲ್ಲ, ಚೌಬಾರದ ಹತ್ತಿರ ನಿಲ್ಲಿಸಿ ನಡೆಯಿರಿ. ಕೂರಲು ಒಂದೇ ಸ್ಟೂಲ್. ಬೆಳಿಗ್ಗೆ 11ಕ್ಕಿಂತ ಮುಂಚೆ ಕಾಕಾ ಸಿಗುವುದಿಲ್ಲ. ಕೊಡುವ ತಾರೀಕನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ನಿಮಗೆ ಬೇಕಾದ ದಿನಕ್ಕಿಂತ ಎರಡು ದಿನ ಮುಂಚಿನ ತಾರೀಕು ಹೇಳಿ. ಮ್ಯಾಟರನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಒಡೆಯುತ್ತವೆ. ಕೈಯಲ್ಲಿ ಬರೆದು ಕೊಡಿ, ಪ್ರೂಫನ್ನು ಕಾಗದದ ಮೇಲೆ ತಗೊಂಡು ಮನೆಯಲ್ಲಿ ಜೋರಾಗಿ ಓದಿ. ಚುನಾವಣೆ ಟೈಮಾದರೆ ಹೋಗುವ ಮೊದಲೇ ನಿಮ್ಮ ಕಮಿಟಿ, ಮಠ, ಜಮಾತ್ ಯಾವುದೇ ಇರಲಿ, ಕಾರ್ಡಿನ ಮೇಲೆ ಯಾರ ಹೆಸರು ಇರಬೇಕು ಅಂತ ಕೂತು ತೀರ್ಮಾನ ಮಾಡಿಕೊಂಡು ಹೋಗಿ. ಇಲ್ಲದಿದ್ದರೆ ಆ ಫಾರಂ ನಿಮ್ಮ ಮುಂದೆಯೂ ಬರುತ್ತದೆ.

ಕಾರ್ಡಿನ ಕಟ್ಟನ್ನು ಹಳೇ ಪೇಪರಿನಲ್ಲಿ ಸುತ್ತಿ ಸುತಳಿ ಕಟ್ಟಿ ಕೊಡುತ್ತಾರೆ. ಮನೆಗೆ ಹೋದ ಕೂಡಲೇ ಬಿಚ್ಚಿ ಚಾಪೆ ಮೇಲೆ ಹರಡಿ. ಶಾಯಿ ಇನ್ನೂ ಹಸಿ ಇರುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ.